ಪೆಡಲಿನ ಅಯಸ್ಕಾಂತ, ಹೊಸ್ತಿಲಿನ ಕಾಲು

ನಾನು ನಿಂತದ್ದು ಹೊಸ್ತಿಲಿನ ಹೊರಗೆ, ಬಾಗಿಲಿನ ಎಡಗಡೆಯ ಚೌಕಟ್ಟಿಗೆ ಬೆನ್ನು ತಾಗುವಷ್ಟು ಹತ್ತಿರ. ನನ್ನ ಬಲಗೈ ಅಣ್ಣನ ಮೊಣಕೈಯಿಂದ ಒಂದು ಗೇಣು ದೂರದಲ್ಲಿತ್ತು, ಮುಟ್ಟಿರಲಿಲ್ಲ. ಅದು ಬೈಲಹೊಂಗಲದ ಅವನ ಮನೆ. ಮೂರು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲಿನ ಮೊದಲ ಸೋಮವಾರ, ಬೆಳಗಿನ ಎಂಟು ಗಂಟೆಯ ಸುಮಾರು. ಸುಮಾರು ಎನ್ನುತ್ತೇನೆ, ಗಡಿಯಾರ ನೋಡಿಕೊಂಡಿರಲಿಲ್ಲ. ಎದುರಿನ ಹಿಟ್ಟಿನ ಗಿರಣಿ ಆಗಷ್ಟೇ ಶುರುವಾಗಿ, ಕರೆಂಟು ಹೋಗಿ ನಿಂತಿತ್ತು. ಗಿರಣಿ ಓಡುತ್ತಿದ್ದರೆ ನಾನು ಕಂಡದ್ದು ನಡೆಯುತ್ತಲೇ ಇರಲಿಲ್ಲ.

ನಾನು ನೌಕರಿಯನ್ನೆಲ್ಲ ಭೂಮಾಪನದಲ್ಲಿ ಕಳೆದವನು. ಸವದತ್ತಿ, ರಾಮದುರ್ಗದ ಹೊಲಗಳಲ್ಲಿ ಬದುವಿನ ಜಗಳಕ್ಕೆ ನಿಂತು ಅಳೆದವನು. ನಿಂತ ಜಾಗ ಹೇಳದೆ ಅಳತೆ ಹೇಳಬಾರದು ಎಂದು ಕಲಿತಿದ್ದೇನೆ. ಆದ್ದರಿಂದ ಮೊದಲು ಜಾಗ ಹೇಳಿದೆ. ಇನ್ನು ಅಲ್ಲಿಗೆ ಬಂದ ದಾರಿ.

ಅಣ್ಣ ಜವಳಿ ವ್ಯಾಪಾರಿ. ಅಂಗಡಿ ಎಂದು ಒಂದು ಇದ್ದದ್ದು ಕೊನೆಯ ಕೆಲವು ವರ್ಷ ಮಾತ್ರ, ಅದೂ ಹೊಸ್ತಿಲಿನ ಈಚೆಗಿನ, ಅಂಗಳಕ್ಕೆ ತೆರೆದ ಮುಂದಿನ ಕೋಣೆಯಲ್ಲಿ. ಅದಕ್ಕೆ ಮೊದಲು ಸೈಕಲ್ಲೇ ಅಂಗಡಿ. ಹಿಂದಿನ ಕ್ಯಾರಿಯರಿಗೆ ಸೀರೆ, ಕುಬಸದ ಖಣ, ಟವೆಲುಗಳ ಗಂಟು ಕಟ್ಟಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದ. ಕೆಲವು ಸಲ ಹೂಲಿ, ಉಗರಗೋಳದ ತನಕ ಹೋಗಿ ರಾತ್ರಿ ಅಲ್ಲೇ ಗಿರಾಕಿಗಳ ಕಟ್ಟೆಯ ಮೇಲೆ ಮಲಗಿ ಮರುದಿನ ಬರುತ್ತಿದ್ದ. ಅವನ ಹೆಂಡತಿ, ನಮ್ಮ ವೈನಿ, ಮನೆಯಲ್ಲೇ ಮಾರುತ್ತಿದ್ದರು. ಬಣ್ಣ ಬಿಡುತ್ತದೆಯೋ ಇಲ್ಲವೋ ಎಂದು ತಿಳಿಯಲು ಬಟ್ಟೆಯ ತುದಿಯನ್ನು ನೀರಿನಲ್ಲಿ ಅದ್ದಿ, ಬಿಳಿ ಅರಿವೆಗೆ ತಿಕ್ಕಿ ನೋಡುತ್ತಿದ್ದರು. ಯಾರು ಎಷ್ಟೇ ಆಣೆ ಮಾಡಿ ಹೇಳಲಿ, ತಿಕ್ಕಿ ನೋಡದೆ ಒಂದು ತಾನು ಬಟ್ಟೆಯನ್ನೂ ಒಳಗೆ ತೆಗೆದುಕೊಂಡವರಲ್ಲ.

ಅರವತ್ತು ದಾಟುವ ಹೊತ್ತಿಗೆ ಅಣ್ಣನ ಬಲಗೈ ನಡುಗಲು ಶುರುವಾಯಿತು. ಧಾರವಾಡದ ವೈದ್ಯರು ಪಾರ್ಕಿನ್ಸನ್ ಎಂದರು. ನಡುಕಕ್ಕಿಂತ ನಮ್ಮನ್ನು ಹೆಚ್ಚು ಕಾಡಿದ್ದು ಕಾಲು. ನಡೆಯುತ್ತಾ ಬಂದವನು ಬಾಗಿಲಿಗೆ ಬಂದೊಡನೆ ನಿಂತುಬಿಡುತ್ತಿದ್ದ. ಪಾದಗಳು ನೆಲಕ್ಕೆ ಅಂಟಿದಂತಾಗುತ್ತಿದ್ದವು. ಮುಂದೆ ಹೋಗಬೇಕೆಂದು ಮೈ ವಾಲುತ್ತಿತ್ತು, ಕಾಲು ಬರುತ್ತಿರಲಿಲ್ಲ. ವೈನಿ ಪ್ರತಿ ಸಲ ಅವನ ಕಂಕುಳಲ್ಲಿ ಕೈ ಕೊಟ್ಟು ಎತ್ತಿ ದಾಟಿಸುತ್ತಿದ್ದರು. ಊಟಕ್ಕೆ, ಬಚ್ಚಲಿಗೆ, ಹಾಸಿಗೆಗೆ. ಎರಡು ವರ್ಷ ಹೀಗೆ ನಡೆಯಿತು. ಅವರ ಸೊಂಟ ಹಿಡಿದುಕೊಂಡಿತ್ತು. ಜೊತೆಗೆ ಅಣ್ಣನ ಮುಖದಲ್ಲಿ ಭಾವವೇ ಮೂಡುತ್ತಿರಲಿಲ್ಲ. ಅದೂ ಆ ಬೇನೆಯ ಗುಣವಂತೆ. ದನಿ ಪಿಸುಮಾತಿನಷ್ಟಾಗಿತ್ತು. ಎತ್ತಿದವರಿಗೆ ಒಂದು ನಗು ಕೂಡ ವಾಪಸು ಸಿಗುತ್ತಿರಲಿಲ್ಲ.

ಕಾಲಿನ ವ್ಯಾಯಾಮ ಹೇಳಿಕೊಡುವ ಒಬ್ಬ ಹುಡುಗಿ ಧಾರವಾಡದ ಆಸ್ಪತ್ರೆಯಲ್ಲಿದ್ದಳು. ಅಣ್ಣ ಸೈಕಲ್ಲಿನ ಮೇಲೆ ತಿರುಗಿ ವ್ಯಾಪಾರ ಮಾಡಿದವನು ಎಂದು ಕೇಳಿ, ಮನೆಯಲ್ಲೇ ಸೈಕಲ್ಲನ್ನು ನಿಲ್ಲಿಸಿ ತುಳಿಸಿರಿ ಎಂದಳು. ಸುಮ್ಮನೆ ತುಳಿದರೆ ಸಾಲದು, ನಿಮಿಷಕ್ಕೆ ಎಂಬತ್ತು ಸುತ್ತಿನ ಆಸುಪಾಸು ಇರಬೇಕು, ಈ ರೋಗದವರು ತಮಗೆ ಗೊತ್ತಿಲ್ಲದೆ ನಿಧಾನವಾಗುತ್ತಾರೆ ಎಂದಳು. ಅದನ್ನು ಎಣಿಸುವ ಒಂದು ಸಣ್ಣ ಯಂತ್ರ ಸಿಗುತ್ತದೆ ಎಂದೂ ಹೇಳಿದಳು. ನಾನು ಬೆಳಗಾವಿಯಲ್ಲಿ ಅದನ್ನು ಕೊಂಡುಕೊಂಡು, ಕಿತ್ತೂರಿನ ನನ್ನ ಮನೆಗೂ ಹೋಗದೆ ನೇರವಾಗಿ ಬೈಲಹೊಂಗಲಕ್ಕೆ ಬಂದೆ.

ಅಣ್ಣನ ಸೈಕಲ್ ಹಳೆಯ ಕಾಲದ ಕರಿ ಸೈಕಲ್. ಅದನ್ನು ಅಂಗಳದಲ್ಲಿ, ಗೇಟಿನ ಕಡೆ ಮುಖ ಮಾಡಿ ನಿಲ್ಲಿಸಿದೆವು. ಅದರ ಸ್ಟ್ಯಾಂಡ್ ಹಾಕಿದರೆ ಹಿಂದಿನ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಕೂತು ತುಳಿದರೆ ಚಕ್ರ ತಿರುಗುತ್ತದೆ, ಸೈಕಲ್ ಎಲ್ಲಿಗೂ ಹೋಗುವುದಿಲ್ಲ. ಯಂತ್ರದಲ್ಲಿ ಮೂರು ಭಾಗ. ಹ್ಯಾಂಡಲಿಗೆ ಒಂದು ಪುಟ್ಟ ಪರದೆ, ಅಂಕಿ ಕಾಣಿಸಲು. ಪೆಡಲಿನ ಹತ್ತಿರ ಸೈಕಲ್ಲಿನ ಮೈಗೆ ಕಟ್ಟುವ ಒಂದು ಪ್ಲಾಸ್ಟಿಕ್ ಡಬ್ಬಿ. ಮತ್ತು ಪೆಡಲಿನ ತೋಳಿಗೆ, ಅಂದರೆ ಕ್ರ್ಯಾಂಕಿಗೆ, ಅಂಟಿಸುವ ಅಯಸ್ಕಾಂತ. ಕ್ರ್ಯಾಂಕ್ ಸುತ್ತುವಾಗ ಅಯಸ್ಕಾಂತ ಡಬ್ಬಿಯ ಪಕ್ಕದಿಂದ ಹಾದರೆ ಒಂದು ಸುತ್ತು ಲೆಕ್ಕಕ್ಕೆ ಬಂತು.

ಅಂಗಿಯ ಗುಂಡಿಯಷ್ಟು ದಪ್ಪದ ಎರಡು ಅಯಸ್ಕಾಂತ ಕೊಟ್ಟಿದ್ದರು, ಒಂದು ಕಳೆದರೆ ಇನ್ನೊಂದಕ್ಕೆ. ಹೊಸ ಸೈಕಲ್ಲುಗಳ ಕ್ರ್ಯಾಂಕು ಅಲ್ಯೂಮಿನಿಯಮ್ಮಿನದು, ಅವುಗಳಿಗೆ ಅಂಟು ಹಚ್ಚಿಯೋ ಪಟ್ಟಿ ಬಿಗಿದೋ ಕೂರಿಸಬೇಕು. ಅಣ್ಣನದು ಉಕ್ಕು. ಅಯಸ್ಕಾಂತ ತಾನೇ ಕಚ್ಚಿಕೊಳ್ಳುತ್ತದೆ. ತೊಂದರೆ ಏನೆಂದರೆ ಅದು ಎಲ್ಲವನ್ನೂ ಕಚ್ಚಿಕೊಳ್ಳುತ್ತದೆ. ನನ್ನ ಬೆರಳಿನಿಂದ ಹಾರಿ ಮೊದಲು ಸ್ಟ್ಯಾಂಡಿಗೆ, ಅಲ್ಲಿಂದ ಬಿಡಿಸಿದರೆ ನಟ್ಟು ಬಿಗಿಯುವ ಪಾನಾಕ್ಕೆ, ಪಾನಾದಿಂದ ಕಿತ್ತರೆ ಚಕ್ರದ ಕಡ್ಡಿಗೆ.

ಎದುರಿನ ಗಿರಣಿಯವರು ಮೈಮೇಲೆಲ್ಲ ಹಿಟ್ಟು ಹೊತ್ತು ಬಂದು ನೋಡುತ್ತಾ ನಿಂತರು. ಅವರಿಗೂ ಅಣ್ಣನಿಗೂ ಒಂದೇ ವಯಸ್ಸು, ಸಣ್ಣಂದಿನಿಂದ ಸಲಿಗೆ.

"ಏನ್ರಿ ಸರ್ವೇ ಸಾಹೇಬ್ರ, ಸೈಕಲ್ಲಿಗೆ ತಾಯತ ಕಟ್ಟಾಕತ್ತೀರೇನ?"

"ಸುತ್ತ ಎಣಸೂದ್ರಿ. ನಿಮಿಷಕ್ಕ ಎಷ್ಟ ತುಳದ ಅಂತ ತೋರಸತೈತಿ."

"ಸುತ್ತ ಎಣಿಸಿ ಏನ್ ಮಾಡೂದೈತ್ರಿ? ನನ್ನ ಗಿರಣಿ ಕಲ್ಲು ದಿನಾ ಸುತ್ತತೈತಿ, ಒಂದ್ ದಿನ ನಾ ಎಣಿಸಿಲ್ಲ."

ಕಾಟಿನ ಮೇಲೆ ಕೂತಿದ್ದ ಅಣ್ಣ ಪಿಸುದನಿಯಲ್ಲಿ ಏನೋ ಅಂದ. ವೈನಿ ಕಿವಿಗೊಟ್ಟು ಕೇಳಿ, "ಎಣಸಿದ್ರ ಗಿರಾಕಿ ಹಿಟ್ಟು ಎಲ್ಲಿ ಕಡಿಮಿ ಆಗತೈತಿ ಅಂತ ಗೊತ್ತಾಗತಿತ್ತು ಅಂತಾರ" ಎಂದರು. ಗಿರಣಿಯವರು ನಕ್ಕರು. ವೈನಿಯೂ ನಕ್ಕರು. ಆ ದಿನ ಮನೆ ಹಗುರವಾಗಿತ್ತು.

ಒಂದು ಅಯಸ್ಕಾಂತ ಕೂರಿಸಿದರೆ ಡಬ್ಬಿಗೂ ಅದಕ್ಕೂ ನಡುವೆ ಅಂತರ ಹೆಚ್ಚಾಯಿತು. ಅಂಕಿ ಒಮ್ಮೆ ಬಂದರೆ ಒಮ್ಮೆ ಬರದು. ಒಂದರ ಮೇಲೊಂದು ಎರಡನ್ನೂ ಕೂರಿಸಿದೆ. ಆಗ ಅಂಕಿ ತಪ್ಪದೆ ಬಂತು, ಆದರೆ ಮೇಲಿನ ಅಯಸ್ಕಾಂತದ ಅಂಚು ಪ್ರತಿ ಸುತ್ತಿಗೂ ಡಬ್ಬಿಯನ್ನು ಸವರಿಕೊಂಡು ಹೋಗುತ್ತಿತ್ತು. ಟಕ್. ಟಕ್. ಟಕ್. ಸರಿಯಾದ ಜೋಡಣೆ ಅಲ್ಲ ಎಂದು ಗೊತ್ತಿತ್ತು. ಮತ್ತೆ ಬಂದಾಗ ಸರಿ ಮಾಡಿದರಾಯಿತು ಎಂದು ಬಿಟ್ಟೆ.

ಅಣ್ಣನನ್ನು ಇಬ್ಬರೂ ಹಿಡಿದು ಸೀಟಿನ ಮೇಲೆ ಕೂರಿಸಿ, ಪಾದಗಳನ್ನು ಪೆಡಲಿನ ಮೇಲಿಟ್ಟೆವು. ಅವನು ತುಳಿಯತೊಡಗಿದ. ಅರವತ್ತು, ಎಪ್ಪತ್ತು, ಎಪ್ಪತ್ತೆಂಟು. ಅಲ್ಲಿ ನಿಂತಿತು. ನಾನು ಪರದೆ ನೋಡುತ್ತಿದ್ದೆ. ಅಣ್ಣ ಪರದೆ ನೋಡುತ್ತಿರಲಿಲ್ಲ. ಓಣಿಯ ಕಡೆ ನೋಡುತ್ತಿದ್ದ. ಆಗ ನಾನು ಅದನ್ನು ಗಮನಿಸಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಎರಡು ತಿಂಗಳು ಹಾಗೆ ನಡೆಯಿತು. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ದಸರೆಯ ನಂತರ ಒಂದು ದಿನ, ನಾನೂ ಅಲ್ಲಿದ್ದಾಗಲೇ, ಅಣ್ಣ ಜೋರಾಗಿ ತುಳಿಯುತ್ತಿರುವಾಗ ಸ್ಟ್ಯಾಂಡಿನ ಸ್ಪ್ರಿಂಗು ಮುರಿಯಿತು. ಸ್ಟ್ಯಾಂಡು ಹಿಂದಕ್ಕೆ ಮಡಚಿಕೊಂಡಿತು, ತಿರುಗುತ್ತಿದ್ದ ಚಕ್ರ ನೆಲ ಮುಟ್ಟಿತು, ಸೈಕಲ್ ಮುಂದಕ್ಕೆ ಚಿಮ್ಮಿತು. ಗೇಟು ತೆರೆದಿತ್ತು. ಅಣ್ಣ ಬೀಳುತ್ತಾನೆ ಎಂದು ನಾನು ಓಡಿದೆ. ಅವನು ಬೀಳಲಿಲ್ಲ. ಗೇಟು ದಾಟಿ, ಎಡಕ್ಕೆ ತಿರುಗಿ, ಓಣಿಯಲ್ಲಿ ಮಲಗಿದ್ದ ನಾಯಿಯನ್ನು ತಪ್ಪಿಸಿ, ನೀರಿನ ಟಾಕಿಯ ತನಕ ಹೋಗಿ, ಅಲ್ಲಿ ಸುತ್ತು ಹೊಡೆದು ವಾಪಸು ಬಂದ. ಬೆನ್ನು ನೆಟ್ಟಗಿತ್ತು. ಹ್ಯಾಂಡಲ್ ಹಿಡಿದ ಕೈ ನಡುಗುತ್ತಿರಲಿಲ್ಲ. ಹತ್ತಿರ ಬಂದಾಗ "ಹಿಡೀರಿ" ಎಂದ. ನಾನೂ ವೈನಿಯೂ ಎರಡು ಕಡೆ ಹಿಡಿದು ಇಳಿಸಿದೆವು.

ಕಾಲು ನೆಲ ಮುಟ್ಟಿತು. ಮನೆಯ ಕಡೆ ತಿರುಗಿದೆವು. ಹೊಸ್ತಿಲಿಗೆ ಬಂದೊಡನೆ ಅಣ್ಣ ನಿಂತುಬಿಟ್ಟ. ಎಂದಿನಂತೆ.

ವೈನಿ ಅವನ ಕಂಕುಳಿನಿಂದ ಕೈ ತೆಗೆದರು.

"ಕಾಕಾರ, ನೋಡಿದ್ರಲ್ಲ?" ಎಂದರು. ತಮ್ಮ ಮಕ್ಕಳು ಕರೆಯುವಂತೆ ಅವರೂ ನನ್ನನ್ನು ಕಾಕಾ ಎಂದೇ ಕರೆಯುತ್ತಾರೆ. "ನಾಯಿ ತಪ್ಪಿಸಿ ಟಾಕಿ ಸುತ್ತಿ ಬರಾಕ ಕಾಲ ಅದಾವ. ನನ್ನ ಹೊಸ್ತಿಲಕ್ಕ ಬಂದ್ರ ಇಲ್ಲ. ಎರಡ ವರ್ಷ ನನ್ನ ಕೈಲೆ ಎತ್ತಿಸಿಕೊಂಡ್ರಲ್ಲ, ನಾ ಏನ್ ಮಾಡಿದ್ದೆ ಇವ್ರಿಗೆ?"

ಅಣ್ಣನ ಮುಖದಲ್ಲಿ ಏನೂ ಇರಲಿಲ್ಲ. ತುಟಿ ಅಲುಗಿತು, ಮಾತು ಕೇಳಲಿಲ್ಲ. ಓಣಿಯ ಆಚೆಯಿಂದ ಗಿರಣಿಯವರು ತಮಾಷೆಗೆಂದೇ ಕೂಗಿದರು: "ಸೈಕಲ್ ಮ್ಯಾಲ ಹುಲಿ, ಇಳದ್ರ ಇಲಿ." ಆ ಮಾತು ಆಗ ಬೇಡವಾಗಿತ್ತು.

ನಾನು ಧಾರವಾಡದ ಹುಡುಗಿಗೆ ಫೋನು ಮಾಡಿದೆ. ಈ ಬೇನೆಯವರಲ್ಲಿ ಹೀಗಾಗುವುದುಂಟು, ನಡೆಯಲಾಗದವರು ಸೈಕಲ್ ಹೊಡೆಯುತ್ತಾರೆ, ನಾಟಕವಲ್ಲ, ಆದರೆ ರಸ್ತೆಗೆ ಬಿಡಬೇಡಿ ಎಂದಳು. ವೈನಿಗೆ ಫೋನು ಕೊಟ್ಟೆ. ಅವರು ಎಲ್ಲವನ್ನೂ ಕೇಳಿ, "ಹೌದ್ರಿ, ಹೌದ್ರಿ" ಎಂದು ಫೋನು ವಾಪಸು ಕೊಟ್ಟು, "ಅವರ ಪುಸ್ತಕದಾಗ ಹಂಗ ಇರಬೇಕು" ಎಂದರು. ಗಂಡನ ಕಾಲಿನ ವಿಷಯದಲ್ಲಿ ಆ ಹುಡುಗಿಯ ಮಾತಿಗೂ, ಆಣೆ ಮಾಡಿ ಬಟ್ಟೆ ಮಾರುವ ವ್ಯಾಪಾರಿಯ ಮಾತಿಗೂ ಅವರಲ್ಲಿ ಒಂದೇ ಬೆಲೆ.

ಅಂದಿನಿಂದ ಅವರು ಅಣ್ಣನನ್ನು ಎತ್ತುವುದನ್ನು ಬಿಟ್ಟರು. ಬೈಯಲಿಲ್ಲ. ಹೊತ್ತಿಗೆ ಸರಿಯಾಗಿ ರೊಟ್ಟಿ ಮಾಡುತ್ತಿದ್ದರು, ಒಳಗಿನಿಂದ "ಊಟ ಐತಿ, ಬರ್ರಿ" ಎನ್ನುತ್ತಿದ್ದರು. ಬರಲಿಲ್ಲವೆಂದರೆ ತಾಟನ್ನು ಹೊಸ್ತಿಲಿನ ಈಚೆ ತಂದಿಟ್ಟು ಹೋಗುತ್ತಿದ್ದರು. ಅಣ್ಣ ಹೊರಗಿನ ಕೋಣೆಯಲ್ಲೇ ಉಳಿದ, ಮಾರಾಟವಾಗದ ಬಟ್ಟೆಯ ಗಂಟುಗಳ ನಡುವೆ. ರಾತ್ರಿ ತಾನೇ ಎದ್ದು ಹೋಗಲು ನೋಡಿ ಎರಡು ಸಲ ಬಿದ್ದನಂತೆ. ಇದು ನನಗೆ ತಿಳಿದದ್ದು ಆಮೇಲೆ. ದೀಪಾವಳಿಗೆ ಸವದತ್ತಿಯಿಂದಲೂ ರಾಮದುರ್ಗದಿಂದಲೂ ಬಂದ ಹೆಣ್ಣುಮಕ್ಕಳಿಬ್ಬರು ಅಪ್ಪನನ್ನು ಎತ್ತಿ ಒಳಗೆ ಕರೆದೊಯ್ದರು, ಅವ್ವನ ಜೊತೆ ಜಗಳವಾಡಿದರು, ಹಬ್ಬ ಮುಗಿಸಿ ಹೋದರು. ಅವರು ಹೋದ ಸಂಜೆ ವೈನಿ ನನಗೆ ಫೋನು ಮಾಡಿದರು.

"ನಿಮ್ಮಣ್ಣಾರು ಚಲೋ ಅದಾರ. ನೀವು ವಾರ ವಾರ ಬರೂದ ಬ್ಯಾಡ. ಅವರಿಗೆ ಬೇಕಾದಾಗ ಕಾಲ ಬರತಾವ."

ಮರುದಿನ ಸೋಮವಾರ. ಕಿತ್ತೂರಿನಿಂದ ಮೊದಲ ಬಸ್ಸಿಗೆ ಹೊರಟೆ.

ನಾನು ಹೋದಾಗ ಅಣ್ಣ ಗಂಟಿಗೆ ಒರಗಿ ಕೂತಿದ್ದ. ಗಡ್ಡ ಬೆಳೆದಿತ್ತು. ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಾಗ ಕೈಗೆ ಕೆಲಸ ಹುಡುಕುವವನು ನಾನು. ಸೈಕಲ್ಲಿನ ಮುಂದೆ ಕೂತೆ. ಹೊಸ ಸ್ಪ್ರಿಂಗು ತಂದಿದ್ದೆ, ಹಾಕಿದೆ. ಅಂದು ನೆಲಕ್ಕೆ ಬಡಿದ ಹೊಡೆತಕ್ಕೆ ಡಬ್ಬಿ ವಾಲಿತ್ತು. ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಹತ್ತಿ ಹುಡುಗನ ಮೀಸೆಯಂತೆ ಬೆಳೆದಿತ್ತು. ಎಲ್ಲವನ್ನೂ ಒರೆಸಿದೆ. ಈ ಸಲ ಸರಿಯಾಗಿ ಮಾಡಬೇಕೆಂದು ಹಳೆಯ ಟ್ಯೂಬಿನ ತುಂಡನ್ನು ಡಬ್ಬಿಯ ಕೆಳಗೆ ಕೊಟ್ಟು ಅದನ್ನು ಕ್ರ್ಯಾಂಕಿನ ಕಡೆ ಓರೆ ಮಾಡಿದೆ. ಅಯಸ್ಕಾಂತ ಒಂದೇ ಸಾಕಾಯಿತು. ಕೈಯಿಂದ ಪೆಡಲು ತಿರುಗಿಸಿ ನೋಡಿದೆ: ನಡುವೆ ಒಂದು ಪೋಸ್ಟ್ ಕಾರ್ಡ್ ಹಾಯುವಷ್ಟು ಜಾಗ, ಎಲ್ಲೂ ತಾಗುವುದಿಲ್ಲ, ಅಂಕಿ ತಪ್ಪುವುದಿಲ್ಲ. ಸಪ್ಪಳವಿಲ್ಲ.

ಆಗ ಗಿರಣಿ ಶುರುವಾಗಿತ್ತು. ಅಣ್ಣನನ್ನು ನಾನೊಬ್ಬನೇ ಹೇಗೋ ಹತ್ತಿಸಿದೆ. ವೈನಿ ಬಾಗಿಲಿನಲ್ಲಿ ನಿಂತು ಓಣಿಗೆ ಮೊಸರು ಮಾರಲು ಬರುವ ಅಜ್ಜಿಯಿಂದ ಮೊಸರು ಹಾಕಿಸಿಕೊಳ್ಳುತ್ತಿದ್ದರು. ಅಣ್ಣ ತುಳಿಯತೊಡಗಿದ. ಅಂಕಿ ಐವತ್ತಕ್ಕೆ ಬಂತು. ನಲವತ್ತಾಯಿತು. ಪೆಡಲು ಮೇಲೆ ಬಂದ ಕಡೆ ಅವನ ಕಾಲು ನಿಂತೇಹೋಯಿತು.

"ತುಳಿಯಪಾ, ಅಣ್ಣಾ."

ಕಾಲು ನಡುಗಿತು. ಇಳಿಯಲಿಲ್ಲ. ಆ ಹೊತ್ತಿಗೆ ಕರೆಂಟು ಹೋಗಿ ಗಿರಣಿ ನಿಂತು, ಓಣಿ ತಣ್ಣಗಾಯಿತು. ಅದರಿಂದಲೇ ಅವನ ಪಿಸುಮಾತು ನಮಗೆಲ್ಲ ಕೇಳಿಸಿತು.

"ಸಪ್ಪಳ ಎಲ್ಲಿ ಹೋತು?"

"ಯಾವ ಸಪ್ಪಳ?"

"ಟಕ್ ಅಂತಿತ್ತಲ್ಲ. ಅದು ಅಂದಾಗ ಕಾಲು ಹೋಗತಿತ್ತು."

ನಾನು ಅಂಕಿಗಾಗಿ ಕೂರಿಸಿದ್ದ ಅಯಸ್ಕಾಂತವನ್ನು ಅವನು ಕಿವಿಯಿಂದ ಬಳಸಿಕೊಂಡಿದ್ದ. ನಾನು ಇನ್ನೂ ಅದನ್ನೇ ಯೋಚಿಸುತ್ತಿದ್ದಾಗ ವೈನಿ ಮೊಸರಿನ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ಬಟ್ಟೆ ಅಳೆಯುವ ಕಬ್ಬಿಣದ ಗಜ ಹಿಡಿದುಕೊಂಡು ಬಂದರು. ಹೊಡೆಯಲು ಬಂದರೇನೋ ಎಂದು ನನಗೆ ಒಂದು ಕ್ಷಣ ಅನ್ನಿಸಿತು, ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ.

"ಇಳಸ್ರಿ ಅವರನ್ನ" ಎಂದರು. "ಇಲ್ಲಿ ತಂದ ನಿಂದರಸ್ರಿ. ಕೈ ಬಿಡ್ರಿ. ಆದ್ರ ದೂರ ಹೋಗಬ್ಯಾಡ್ರಿ."

ಇಳಿಸಿ ಹೊಸ್ತಿಲಿನ ಮುಂದೆ ನಿಲ್ಲಿಸಿದೆ. ಮೊದಲು ಹೇಳಿದ ಜಾಗದಲ್ಲಿ ನಾನು ನಿಂತೆ. ವೈನಿ ಒಳಗಡೆ, ಅಣ್ಣನಿಗೆ ಎದುರಾಗಿ, ಎರಡು ಮಾರು ದೂರದಲ್ಲಿ ನಿಂತರು. ಗಜದ ತುದಿಯಿಂದ ನೆಲದ ಕಲ್ಲಿಗೆ ಬಡಿದರು. ಟಕ್. ಸ್ವಲ್ಪ ಬಿಟ್ಟು, ಟಕ್. ಅದೇ ಅಂತರದಲ್ಲಿ, ಟಕ್.

ನಾಲ್ಕನೆಯದಕ್ಕೋ ಐದನೆಯದಕ್ಕೋ ಅಣ್ಣನ ಬಲಗಾಲು ಎದ್ದಿತು. ಹೊಸ್ತಿಲು ದಾಟಿ ಒಳಗಿನ ಕಲ್ಲಿನ ಮೇಲೆ ಇಳಿಯಿತು. ಯಾರೂ ಮುಟ್ಟಿರಲಿಲ್ಲ. ಮತ್ತೊಂದು ಟಕ್‌ಗೆ ಎಡಗಾಲಿನ ಹಿಮ್ಮಡಿ ಮೇಲೆದ್ದಿತು.

ಆಗ ವೈನಿ ಬಡಿಯುವುದನ್ನು ನಿಲ್ಲಿಸಿದರು.

ಬೇಕೆಂದೇ ನಿಲ್ಲಿಸಿದರು. ಅವರ ಕಣ್ಣು ಆ ಕಾಲಿನ ಮೇಲಿತ್ತು. ನೀರಿನಲ್ಲಿ ಅದ್ದಿದ ಬಟ್ಟೆಯ ತುದಿಯನ್ನು ನೋಡುವಾಗ ಇರುವ ಕಣ್ಣು ಅದು, ನಾನು ಎಷ್ಟೋ ಸಲ ನೋಡಿದ್ದೇನೆ. ಅಣ್ಣನ ಎಡಗಾಲು ಅಲ್ಲೇ ನಿಂತಿತು. ಹಿಮ್ಮಡಿ ಮೇಲೆ, ಬೆರಳುಗಳು ಮಾತ್ರ ನೆಲಕ್ಕೆ. ಮೊಣಕಾಲು ಸಣ್ಣಗೆ, ಬೇಗ ಬೇಗ ನಡುಗತೊಡಗಿತು. ಮೈ ಮುಂದಕ್ಕೆ ವಾಲಿತು. ಬೀಳುವ ಮನುಷ್ಯ ಯಾರೇ ಆಗಲಿ ಕೈ ಮುಂದೆ ಚಾಚುತ್ತಾನೆ. ನಟನೆ ಮಾಡುವವನಂತೂ ಮೊದಲೇ ಚಾಚುತ್ತಾನೆ. ಅಣ್ಣನ ಕೈಗಳು ಎರಡೂ ಪಕ್ಕದಲ್ಲೇ ಇದ್ದವು. ಕಟ್ಟಿಗೆ ಬೀಳುವಂತೆ ಅವನು ಮುಖ ಮುಂದಾಗಿ ಬಿದ್ದ. ಬೀಳುವಾಗಲೂ ಮುಖದಲ್ಲಿ ಏನೂ ಇರಲಿಲ್ಲ, ಕಣ್ಣುಗಳು ಮಾತ್ರ ಹೆಂಡತಿಯ ಕೈಯಲ್ಲಿದ್ದ ಗಜದ ಮೇಲೆ, ಮತ್ತೊಂದು ಸಪ್ಪಳಕ್ಕಾಗಿ ಕಾಯುತ್ತಿದ್ದವು.

ನಾನು ಒಂದು ಗೇಣು ದೂರದಲ್ಲಿದ್ದೆ, ತಡವಾದೆ. ಹಿಡಿದದ್ದು ವೈನಿ. ಗಜ ಬಿಸಾಡಿ, ಎರಡು ಮಾರನ್ನು ಹೇಗೆ ದಾಟಿದರೋ ಕಾಣೆ, ಎದೆ ಕೊಟ್ಟು ಹಿಡಿದರು. ಭಾರಕ್ಕೆ ಇಬ್ಬರೂ ಕುಸಿದು ಹೊಸ್ತಿಲಿನ ಮೇಲೆ ಕೂತರು. ಹೊಸ್ತಿಲಿನ ಮೇಲೆ ಕೂರಬಾರದು ಎಂದು ಆ ಮನೆಯಲ್ಲಿ ಗಿರಾಕಿಗಳಿಗೂ ಗದರಿದವರು ಅವರು.

ವೈನಿ ಅವನ ಎಡಗಾಲಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು.

"ಸಪ್ಪಳ ಬೇಕು ಅಂತ ಮೊದಲ ಯಾಕ ಹೇಳಲಿಲ್ಲ?"

"ನನಗೂ ಗೊತ್ತಿರಲಿಲ್ಲ" ಎಂದ ಅಣ್ಣ.

ಅಷ್ಟರಲ್ಲಿ ಗಿರಣಿಯವರು ಓಣಿ ದಾಟಿ ಬಂದಿದ್ದರು. ಮಾತು ಬೇರೆ ಕಡೆ ತಿರುಗಿಸಬೇಕು ಅನ್ನಿಸಿರಬೇಕು, "ವೈನ್ಯಾರ, ಇನ್ನ ಮ್ಯಾಲ ನೀವು ಗಜ ಬಡದಂಗ ಇವ ಕುಣೀಬೇಕು ನೋಡ್ರಿ" ಎಂದರು.

ಅಣ್ಣನ ತುಟಿ ಅಲುಗಿತು. ವೈನಿ ಬಗ್ಗಿ ಕೇಳಿದರು. ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡು, ನಮಗೆ ಹೇಳಿದರು: "ಲಗ್ನ ಆದಾಗಿಂದ ಹಂಗ ಐತಿ ಅಂತಾರ."

ಆ ಮಧ್ಯಾಹ್ನ ಟ್ಯೂಬಿನ ತುಂಡನ್ನು ತೆಗೆದು, ಎರಡನೆಯ ಅಯಸ್ಕಾಂತವನ್ನು ಮತ್ತೆ ಮೊದಲಿನದರ ಮೇಲೆ ಕೂರಿಸಿದೆ. ಡಬ್ಬಿಗೆ ತಾಗುವ ಹಾಗೆ. ನನ್ನ ಕೈ ಒಪ್ಪದ ಜೋಡಣೆ. ಆದರೂ ನಾನೇ ಮಾಡಿದೆ, ವೈನಿ ಪಕ್ಕದಲ್ಲಿ ಕೂತು ಸಪ್ಪಳ ಸಾಕೋ ಬೇಕೋ ಹೇಳಿದರು.

ಗಜದ ಸಪ್ಪಳ ಎಲ್ಲ ದಿನವೂ ನಡೆಯಲಿಲ್ಲ. ಇದನ್ನೂ ಹೇಳಬೇಕು. ಕೆಲವು ಬೆಳಿಗ್ಗೆ ಎಷ್ಟು ಬಡಿದರೂ ಕಾಲು ಏಳುತ್ತಿರಲಿಲ್ಲ. ಆಗ ವೈನಿ ಹಳೆಯ ಹಾಗೆ ಕಂಕುಳಿಗೆ ಕೈ ಕೊಡುತ್ತಿದ್ದರು. ಆದರೆ "ಬೇಕಾದಾಗ ಬರತಾವ" ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಬೇನೆ ತನ್ನ ದಾರಿಯಲ್ಲಿ ಮುಂದುವರಿಯಿತು. ಕಳೆದ ಚಳಿಗಾಲದಲ್ಲಿ ಅಣ್ಣ ಎದೆಗೆ ಕಫ ಕಟ್ಟಿ ತೀರಿಕೊಂಡ.

ನಾನು ಕಂಡದ್ದನ್ನು ಹೇಳಿದಾಗ ಜನ ತಲೆ ಆಡಿಸುತ್ತಾರೆ, ನಂಬುವುದಿಲ್ಲ. ಸೈಕಲ್ ಹೊಡೆಯುವವನಿಗೆ ಹೊಸ್ತಿಲು ದಾಟಲಾಗುವುದಿಲ್ಲವೆಂದರೆ ನಾನಾದರೂ ನಂಬುತ್ತಿದ್ದೆನೋ ಇಲ್ಲವೋ. ಆ ಬೆಳಿಗ್ಗೆ ಅಲ್ಲಿ ನಾವು ಐದು ಜನರಿದ್ದೆವು. ಅಣ್ಣ ಈಗಿಲ್ಲ. ಕಟ್ಟೆಯ ಕೆಳಗೆ ಮೊಸರಿನ ಗಡಿಗೆ ಹಿಡಿದು ನಿಂತಿದ್ದ ಅಜ್ಜಿಯೂ ಹೋದಳು, ಅಣ್ಣನಿಗಿಂತ ಮೊದಲೇ. ಹೆಣ್ಣುಮಕ್ಕಳು ಕೇಳಿದ್ದಷ್ಟೇ, ಕಂಡಿಲ್ಲ. ಅವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಿರಣಿಯವರು ಇದ್ದಾರೆ. ಓಣಿಯ ಮಧ್ಯದಿಂದ, ಅಣ್ಣನ ಬೆನ್ನಿನ ಕಡೆಯಿಂದ ಕಂಡವರು; ಹಿಮ್ಮಡಿ ಮೇಲೆದ್ದು ನಿಂತದ್ದನ್ನು ನನಗಿಂತ ಚೆನ್ನಾಗಿ ಅವರು ಹೇಳುತ್ತಾರೆ. ಎದುರಿನಿಂದ ಕಂಡ ವೈನಿ ಇದ್ದಾರೆ, ಅದೇ ಮನೆಯಲ್ಲಿ. ಬಟ್ಟೆಗೆ ಬಂದ ಹೆಂಗಸರು ಯಾರಾದರೂ ತಮ್ಮ ಮನೆಯ ರೋಗಿಯ ಬಗ್ಗೆ "ಎಲ್ಲಾ ನಾಟಕ ಮಾಡತಾರ್ರಿ" ಎಂದರೆ, ಅಳತೆ ಮಾಡುತ್ತಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, "ಕುಂತ್ಕೋರಿ, ನಾ ಕಣ್ಣಾರೆ ಕಂಡದ್ದ ಹೇಳತೇನಿ" ಎಂದು ಶುರು ಮಾಡುತ್ತಾರೆ.